ಅಮ್ಮ ಬರೆದ ಮೂರು

ನಿನ್ನೆ ಠಾಣೆಯ ನಮ್ಮ ಸೊಸೈಟಿಯ ಅಂಗಳದಲ್ಲಿ ಮಗಳಿಗೆ ಸ್ಕೇಟಿಂಗ್ ಹೇಳಿಕೊಡಲು ಸೀಮೆಸುಣ್ಣ ಹಿಡಿದೆ. ಅದರ ಪುಡಿ ಮೂಗಿಗೆ ಹತ್ತಿದ್ದೇ ತಡ, ನಾನು ಕೋಪರಿಯ ಹಳೆಯ ಚಾಳಿನ ಮುಂದೆ ಗಾಲಿಯ ಸ್ಕೇಟು ಕಟ್ಟಿಕೊಂಡು ಅಳುತ್ತ ನಿಂತ ಹುಡುಗಿಯಾಗಿದ್ದೆ.

ಮರುದಿನದೊಳಗೆ ‘ತ್ರೀ ಟರ್ನ್’ ಬಾರದವರು ಬ್ಯಾಚಿನಿಂದ ಹೊರಗೆ ಎಂದಿದ್ದರು ಸ್ಕೇಟಿಂಗ್ ಸರ್. ಒಂದೇ ಕಾಲಿನಲ್ಲಿ ಮುಂದಕ್ಕೆ ಜಾರಿ, ನಡುವೆ ತಿರುಗಿ, ಅದೇ ಕಾಲಿನಲ್ಲಿ ಹಿಮ್ಮುಖವಾಗಿ ಹೋಗಬೇಕು. ಗಾಲಿ ಸಾಗಿದ ದಾರಿ ಮೂರರಂತೆ ಕಾಣಬೇಕು. ಎಷ್ಟು ಸಲ ಬಿದ್ದರೂ ನನಗೆ ಅರ್ಥವಾಗುತ್ತಿರಲಿಲ್ಲ.

“ಮೂರು ಅಲ್ವಾ ಮಗಾ, ಅದಕ್ಕೆ ಅಳುದು ಎಂತಕ್ಕೆ?” ಎಂದು ಅಮ್ಮ ರಂಗೋಲಿ ಪುಡಿಯಲ್ಲಿ ಅಂಗಳದಗಲ ಅಂಕಿ ಬರೆದಳು. ಉಡುಪಿಯ ಕನ್ನಡ ಶಾಲೆಯಲ್ಲಿ ಓದಿದ ಅವಳ ಮೂರು ಎಂದರೆ ೩. ಸರ್ ಹೇಳಿದ್ದು ಇಂಗ್ಲಿಷಿನ 3 ಎಂದು ಹೊಳೆಯುವಷ್ಟು ತಾಳ್ಮೆ ನನಗೆಲ್ಲಿತ್ತು? ಕತ್ತಲಾಗುವವರೆಗೆ ಅದರ ಮೇಲೆಯೇ ಸುತ್ತಿದೆ. ಮೊಣಕಾಲಿನ ರಕ್ತಕ್ಕೆ ಅಮ್ಮ ಅರಿಶಿನ ಒತ್ತಿದಳು, ನಾನು ಮತ್ತೆ ಎದ್ದೆ.

ಬೆಳಿಗ್ಗೆ ಅದೇ ೩ ಸುತ್ತಿದ ನನ್ನ ಕಾಲನ್ನೇ ಸರ್ ನೋಡಿ, “ಅಗ, ಹೇ ಕಾಯ್?” ಇದೇನಿದು ಎಂದು ಮರಾಠಿಯಲ್ಲಿ ಕೇಳಿದರು. ಎಲ್ಲರೂ ನಕ್ಕರು. ನನ್ನ ಹೆಸರು ಹೊಡೆದುಹಾಕಿದರು. ಕಾಲು ನೋವು, ನಾನೇ ಬಿಟ್ಟೆ ಎಂದು ಅಮ್ಮನಿಗೆ ಸುಳ್ಳು ಹೇಳಿದೆ.

ನಿನ್ನೆ ಆ ನೆನಪಿನಿಂದ ಎಚ್ಚೆತ್ತು ನೋಡಿದರೆ, ನೆಲದ ಮೇಲೆ ನಾನು ಬರೆದದ್ದೂ ೩. ಮಗಳು ಬಗ್ಗಿ, “ಮಮ್ಮಾ, ಯೇ ಕ್ಯಾ ಹೈ?” ಎಂದಳು.

“ಮೂರು” ಎಂದೆ.

ಅವಳು ನಕ್ಕು, ಕಾಲಿನಿಂದ ಉಜ್ಜಿ ಅಳಿಸಲು ಹೊರಟಳು.

“ಬೇಡ, ಬೇಡ!” ನನ್ನ ದನಿಗೆ ನಾನೇ ಬೆಚ್ಚಿದೆ.