ದುರ್ಬೀನಿನ ಬಾಯಿಗೆ ರುಮಾಲು

ಕಮಲಾಪುರದ ಹೊಲದಲ್ಲಿ ಈಗಷ್ಟೇ ಬೆಳಕು ಹರಿದಿದೆ. ಕಲಬುರಗಿಯ ದೀಪಗಳಿಂದ ದೂರ ಬಂದು ರಾತ್ರಿಯಿಡೀ ತೆಗೆದ ನೀಹಾರಿಕೆಯ ಚಿತ್ರಗಳು ಕ್ಯಾಮೆರಾದಲ್ಲಿವೆ. ಕ್ಯಾಮೆರಾವನ್ನು ದುರ್ಬೀನಿನಿಂದ ಬಿಚ್ಚುವ ಮುಂಚೆ ಒಂದು ಕೆಲಸ ಬಾಕಿ. ದುರ್ಬೀನಿನ ಬಾಯಿಗೆ ಬಿಳಿ ಬಟ್ಟೆ ಬಿಗಿದು ಬರೀ ಆ ಬಿಳುಪಿನ ಫೋಟೋ ತೆಗೆಯಬೇಕು. ಅದರಲ್ಲಿ ಕ್ಯಾಮೆರಾದೊಳಗಿನ ಧೂಳಿನ ಕಲೆಗಳು ಮೂಡುತ್ತವೆ. ಅವನ್ನು ನೋಡಿಕೊಂಡೇ ಕಂಪ್ಯೂಟರು ನೀಹಾರಿಕೆಯ ಚಿತ್ರದಿಂದ ಕಲೆ ಅಳಿಸುವುದು. ಹೋದ ಸಲ ಸೋಮಾರಿತನ ಮಾಡಿ ಇಡೀ ರಾತ್ರಿಯ ಶ್ರಮ ಕಳೆದುಕೊಂಡೆ. ಈ ಸಲ ಬಿಡುವುದಿಲ್ಲ.

ಆದರೆ ಇಸ್ತ್ರಿ ಮಾಡಿಟ್ಟ ಬಿಳಿ ಬಟ್ಟೆ ಕಲಬುರಗಿಯ ಜಗತ್ ವೃತ್ತದ ಹತ್ತಿರದ ನಮ್ಮ ಮನೆಯ ಮೇಜಿನ ಮೇಲೇ ಉಳಿದಿದೆ.

ಹೊಲದ ಯಜಮಾನ ಶರಣಪ್ಪ ಕಾಕಾ ಚಹಾ ತಂದರು. ವಿಷಯ ಹೇಳಿದೆ.

"ಮನ್ಯಾಗ ಇದ್ದದ್ದೆಲ್ಲ ಬಣ್ಣದ ಬಟ್ಟೀನ ಅದಾವ್ರಿ ಅಕ್ಕೋರ," ಅಂದವರೇ ತಲೆಗೆ ಸುತ್ತಿದ್ದ ಬಿಳಿ ರುಮಾಲು ಬಿಚ್ಚತೊಡಗಿದರು. ಹೊರಗಿನವರೆದುರು ಎಂದೂ ಬರಿದಲೆಯಲ್ಲಿ ನಿಂತವರಲ್ಲ.

"ಬ್ಯಾಡ್ರಿ ಕಾಕಾ."

"ರಾತ್ರಿಯೆಲ್ಲ ಕಣ್ಣ ಮುಚ್ಚಿಲ್ಲ ನೀವು. ಸುಮ್ನ ಫೋಟೋ ತಗೀರಿ."

ರುಮಾಲನ್ನು ಎರಡು ಪದರ ಮಾಡಿ ದುರ್ಬೀನಿನ ಬಾಯಿಗೆ ತಾವೇ ಹಿಡಿದು ನಿಂತರು. ನರೆತ ಕೂದಲು ಗಾಳಿಗೆ ಹಾರುತ್ತಿತ್ತು.

"ಫೋಟೋದಾಗ ನಮ್ಮ ರುಮಾಲ ಕಾಣ್ತದೇನ್ರಿ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ರಿ ಕಾಕಾ. ಇದರದ್ದೊಂದು ಸುಕ್ಕು ಕಂಡ್ರೂ ಫೋಟೋ ಕೆಡ್ತದ."

ಕಾಕಾ ರುಮಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹಿಡಿದರು.