ಕೊಂಡಿಗೆ ಕರೆಯಲು ಹೋಗದ ದಿನ

ಹೆಂಡತಿ ಸೀರೆಗಳಿಗೆ ಗಂಜಿ ಕಾಸುತ್ತಿದ್ದಳು. ಅದರ ಬಿಸಿ ಹುಳಿವಾಸನೆ ಬಾಗಲಕೋಟೆಯ ನಮ್ಮ ಎರಡು ಕೋಣೆಯ ಮನೆಯನ್ನೆಲ್ಲ ತುಂಬಿತ್ತು. ಅದೇ ಹೊತ್ತಿಗೆ ಟೀವಿಯಲ್ಲಿ ಊರೆಲ್ಲ ಹೊಗಳುತ್ತಿದ್ದ ಧಾರಾವಾಹಿಯ ಕೊನೆಯ ಕಂತು ನಡೆದಿತ್ತು. ನೇಕಾರರ ಮನೆಯ ಕತೆ. ಪ್ರಶಸ್ತಿ ಬಂದಿದೆ, ಪೇಪರಿನಲ್ಲಿ ಬರೆದಿದ್ದಾರೆ. ನಮ್ಮ ಆಫೀಸಿನಲ್ಲಿ ನೋಡದವನು ನಾನೊಬ್ಬನೇ ಉಳಿದಿದ್ದೆ. ‘ನಿಮ್ಮ ಇಲಕಲ್ ಕತೀನರಿ ಅದು, ಅಳು ತಡಿಯಾಕ ಆಗೂದಿಲ್ಲ’ ಎಂದು ಹೆಡ್ ಕ್ಲರ್ಕ್ ಹೇಳಿದ್ದರು. ಹಾಗಾಗಿ ಅಳಬೇಕೆಂದೇ ಕುಳಿತಿದ್ದೆ. ಆ ಕತೆಯ ಅಣ್ಣನ ಹೆಂಡತಿ, ತಮ್ಮನ ಹೆಂಡತಿ, ಮಾತು ಬಿಟ್ಟಿದ್ದ ಇಬ್ಬರೂ ಕೊನೆಗೆ ಮಗ್ಗದ ಮೇಲೆ ಬಾಗಿ ತಬ್ಬಿಕೊಂಡರು. ಪಿಟೀಲು ನಿಲ್ಲಲೇ ಇಲ್ಲ. ಮಗಳು ಮೂಗು ಒರೆಸಿಕೊಂಡಳು, ಹೆಂಡತಿ ಸೌಟು ಹಿಡಿದೇ ಬಾಗಿಲಲ್ಲಿ ನಿಂತು ಅತ್ತಳು. ನನಗೆ ಏನೂ ಆಗಲಿಲ್ಲ. ಎದ್ದು ನೀರು ಕುಡಿದೆ, ಕುಳಿತೆ, ಮತ್ತೆ ಎದ್ದೆ.

‘ಕಲ್ಲು ಅದೀರಿ ಬಿಡ್ರಿ ನೀವು’ ಎಂದಳು ಹೆಂಡತಿ.

‘ಅಲ್ಲ, ಅಕಿ ಕೊಂಡಿ ಒಬ್ಬಾಕಿನ ಹಾಕಿದ್ಲಲ್ಲ?’

‘ಕತಿ ನೋಡ್ರಿ ಅಂದ್ರ ಕೊಂಡಿ ನೋಡ್ತಾರ!’

ಇಲಕಲ್ ಸೀರೆಯ ಮೈಗೆ ಒಂದು ಹಾಸು, ಅಂದರೆ ಮಗ್ಗಕ್ಕೆ ಬಿಗಿದ ಉದ್ದೆಳೆಗಳು, ಸೆರಗಿಗೆ ಇನ್ನೊಂದು. ಎರಡರ ಎಳೆಗಳನ್ನೂ ಕುಣಿಕೆ ಮಾಡಿ ಒಂದರೊಳಗೊಂದು ಸಿಕ್ಕಿಸುವುದೇ ಕೊಂಡಿ. ನಮ್ಮ ಮನೆಯಲ್ಲಿ ಅದಕ್ಕೆ ಇಬ್ಬರು ಕೂರಬೇಕಿತ್ತು, ಒಬ್ಬಳು ಅವ್ವ, ಇನ್ನೊಬ್ಬಳು ಕಾಕಿ, ಅಂದರೆ ಅಪ್ಪನ ತಮ್ಮನ ಹೆಂಡತಿ. ಮನೆ ಪಾಲಾದಾಗ ಒಂದು ತಾಮ್ರದ ಹಂಡೆಯ ಸಲುವಾಗಿ ಇಬ್ಬರಿಗೂ ಮಾತು ನಿಂತಿತ್ತು. ಕಾಕಿ ಎರಡು ಓಣಿ ಆಚೆ ಬೇರೆ ಮನೆ ಮಾಡಿದ್ದಳು. ಆದರೂ ಕೊಂಡಿಯ ದಿನ ಅವ್ವ ನನ್ನನ್ನು ಕಳಿಸುತ್ತಿದ್ದಳು, ಕಾಕಿ ಕೈ ತೊಳೆದುಕೊಂಡು ಬರುತ್ತಿದ್ದಳು. ನನಗೆ ಹತ್ತು ವರ್ಷವಾದರೂ ಇನ್ನೂ ಶಾಲೆಗೆ ಹಾಕಿರಲಿಲ್ಲ, ಹೀಗಾಗಿ ಈ ಕೆಲಸ ನನ್ನದೇ. ಗಂಜಿಯ ವಾಸನೆಯ ಆ ನಡುಮನೆಯಲ್ಲಿ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತು ನನ್ನ ಮೂಲಕವೇ ಮಾತಾಡುತ್ತಿದ್ದರು.

‘ನಿಮ್ಮ ಕಾಕಿಗೆ ಹೇಳು, ಎಳಿ ಸಡ್ಲ ಬಿಡು ಅಂತ.’

‘ನಿಮ್ಮವ್ವಗ ಹೇಳು, ಸಡ್ಲ ಬಿಟ್ರ ಸೆರಗು ಸೊಟ್ಟ ಆಗ್ತೈತಿ, ಆಮ್ಯಾಲ ನನ್ನ ಹೆಸರು ಹೇಳಬ್ಯಾಡ ಅಂತ.’

ಇಬ್ಬರಿಗೂ ಎಲ್ಲ ಕೇಳಿಸಿರುತ್ತಿತ್ತು. ಆದರೂ ನಾನು ಒಂದು ಅಕ್ಷರ ಬಿಡದೆ ಒಪ್ಪಿಸುವವರೆಗೆ ಬೆರಳು ಅಲುಗಿಸುತ್ತಿರಲಿಲ್ಲ. ‘ಪೋಸ್ಟಮನ್‌ಗ ಚಾ ಕೊಡ್ರಿ, ದಣದಾನ’ ಎಂದು ಅಪ್ಪ ನಗುತ್ತಿದ್ದ. ಆಗ ಇಬ್ಬರ ತುಟಿಯೂ ಒಂದೇ ಸಲ ಬಿಗಿಯಾಗುತ್ತಿತ್ತು, ನಗು ತಡೆಯಲು.

ಒಂದು ಮಧ್ಯಾಹ್ನ ಅವ್ವ ನನ್ನನ್ನು ಕಳಿಸುವ ಮೊದಲು ತನ್ನಷ್ಟಕ್ಕೆ, ‘ಅಕಿ ಇಲ್ಲಂದ್ರ ನಮ್ಮ ಮಗ್ಗ ನಿಂತಬಿಡ್ತೈತೇನು?’ ಎಂದು ಗೊಣಗಿದಳು. ಕೇಳಿದ್ದನ್ನೆಲ್ಲ ತಲುಪಿಸುವುದೇ ನನಗೆ ಗೊತ್ತಿದ್ದ ಕೆಲಸ. ಅದನ್ನೂ ತಲುಪಿಸಿದೆ. ಸೆರಗು ಸಿಕ್ಕಿಸಿಕೊಂಡು ಎದ್ದಿದ್ದ ಕಾಕಿ ಮೆಲ್ಲಗೆ ಕೆಳಗೆ ಕೂತಳು. ‘ಹಂಗಾರ ನಡೀಲಿ ಬಿಡು’ ಎಂದಳು, ಆ ದಿನ ಬರಲಿಲ್ಲ. ಆ ಮುಖವನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ. ಮುಂದಿನ ಕೊಂಡಿಯ ದಿನ ಅವ್ವ ಮತ್ತೆ ಕಳಿಸಿದಾಗ ಹಿಟ್ಟಿನ ಗಿರಣಿಯತನಕ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ತಿರುಗಿ ಬಂದು, ‘ಕಾಕಿ ಬರೂದಿಲ್ಲಂತ’ ಎಂದೆ. ಆಮೇಲಿನ ಕೊಂಡಿಗಳಿಗೆ ಪಕ್ಕದ ಮನೆಯವರು ಬಂದರು. ಅವ್ವ ಸಾಯುವತನಕ ಇಬ್ಬರೂ ಮಾತಾಡಲಿಲ್ಲ. ಆ ಮನೆ ಮಾರಿದೆವು. ಮಗ್ಗದ ಕುಣಿ ಮುಚ್ಚಿ ಅದರ ಮೇಲೆ ಫರಸಿಕಲ್ಲು ಹಾಸಿದ್ದಾರೆ, ಈಗ ಅಲ್ಲಿ ಮೊಬೈಲ್ ಅಂಗಡಿ. ಗಿರಣಿಯ ಮಾತು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ.

ಧಾರಾವಾಹಿ ಮುಗಿದು ಮೂರು ದಿನವಾದರೂ ಆ ಗಿರಣಿಯೇ ಕಣ್ಣ ಮುಂದಿತ್ತು. ರವಿವಾರ ಇಲಕಲ್ ಬಸ್ಸು ಹತ್ತಿದೆ. ಹುನಗುಂದ ದಾಟುವಾಗ ಇಳಿದು ತಿರುಗಿ ಹೋಗೋಣವೆನಿಸಿತು. ಈಗ ತನ್ನ ಮಗಳ ಮನೆಯಲ್ಲಿರುವ ಕಾಕಿ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು.

‘ಆ ಧಾರಾವಾಹಿ ನೋಡಿದೇನ ಕಾಕಿ?’

‘ನೋಡಿದ್ನೆಪಾ. ಹಾಸಿನ ಮ್ಯಾಲ ಬಿದ್ದು ಅಳ್ತಾರಲ್ಲೋ, ಎಳಿ ಹರಿಯೂದಿಲ್ಲೇನು?’

ನಾನು ನಗಬೇಕಿತ್ತು. ನಗುವ ಬದಲು ಗಿರಣಿಯ ತನಕ ಹೋದದ್ದು, ತಿರುಗಿ ಬಂದದ್ದು, ಸುಳ್ಳು ಹೇಳಿದ್ದು, ಎಲ್ಲವನ್ನೂ ಹೇಳಿಬಿಟ್ಟೆ. ಕಾಕಿಯ ಕೈ ನಿಂತಿತು.

‘ನೀ ಕರಿಯಾಕ ಬರ್ತಿ ಅಂತ ಕುಂತಿದ್ದೆ ನಾ’ ಎಂದಳು. ಆಮೇಲೆ, ‘ಬರೂದಿಲ್ಲಂತ ನೀ ಹೇಳಿದಾಗ ಅಕ್ಕ ಏನಂದ್ಲು, ನಿಮ್ಮವ್ವ?’

‘ಇನ್ನೊಂದು ಸಲ ಹೋಗಿ ಬಾ ಅಂದ್ಲು.’

‘ಹೋಗಿದ್ದೇನು?’

‘ಇಲ್ಲ ಕಾಕಿ.’

ಅವಳು ನನ್ನನ್ನು ಬೈಯಲಿಲ್ಲ. ‘ಇನ್ನೊಂದು ಸಲ ಹೋಗಿ ಬಾ ಅಂದ್ಲ?’ ಎಂದು ಮತ್ತೆ ಕೇಳಿದಳು. ಹೌದೆಂದೆ. ‘ಅಂದಿದ್ಲಲ್ಲ’ ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಗೋಡೆ ಹಿಡಿದು ಎದ್ದು, ಚಹಾ ಮಾಡುತ್ತೇನೆಂದು ಒಳಗೆ ಹೋದಳು. ಬೇಡವೆಂದರೂ ಕೇಳಲಿಲ್ಲ. ಒಲೆ ಹಚ್ಚಿದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಪಾತ್ರೆಯ ಸದ್ದು ಬರಲಿಲ್ಲ.