ಎಡ ತಿರುವಿನಲ್ಲಿ ಜೋರಾಗುವ ಸದ್ದು

ಅಜ್ಜನ ಬಲಗೈ ಮೊಣಕೈಯಿಂದ ಕೆಳಗೆ ಎಡಗೈಗಿಂತ ತುಂಬ ಕಪ್ಪಗಿತ್ತು. ಇಬ್ಬರ ಕೈಗಳನ್ನು ಒಂದೇ ಮೈಗೆ ಜೋಡಿಸಿದಂತೆ ಕಾಣುತ್ತಿತ್ತು. ಆಯುಸ್ಸಿನ ಬಹುಭಾಗ ಎಸ್ಟೇಟ್ ಲಾರಿ ಓಡಿಸಿದವರು ಅವರು. ಆ ಕೈ ಸದಾ ಕಿಟಕಿಯಾಚೆ ಬಿಸಿಲಿನಲ್ಲಿರುತ್ತಿತ್ತಂತೆ. ಲಾರಿಯ ಎಂಜಿನ್ನು ಅವರ ಕಿವಿಗಳನ್ನೂ ಹೆಚ್ಚುಕಡಿಮೆ ಪೂರ್ತಿ ತಿಂದುಹಾಕಿತ್ತು. ಮಗಳು ತಂದುಕೊಟ್ಟ ಕಿವಿಯ ಯಂತ್ರ ಅಂಗಿಜೇಬಿನಲ್ಲೇ ಮಲಗಿರುತ್ತಿತ್ತು. "ಅದು ಹಾಕಿದ್ರೆ ಕಾಗೆ ಕೂಗುದು ಕೇಳ್ತದೆ, ಮನುಷ್ಯರ ಮಾತು ಕೇಳುದಿಲ್ಲ" ಎಂದು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ಅವರು ನನ್ನ ಸ್ವಂತ ಅಜ್ಜನಲ್ಲ, ಬೇಲಿಯಾಚೆಯ ಮನೆಯಲ್ಲಿ ಹೆಂಡತಿಯ ಜೊತೆ ಇದ್ದವರು. ನಾನು ಸೋಮವಾರಪೇಟೆ ಕಡೆಯವಳು, ಮದುವೆಯಾಗಿ ಮೂರ್ನಾಡಿಗೆ ಬಂದೆ. ಇಲ್ಲಿ ನಾನೂ ನನ್ನ ಗಂಡನೂ ಕಾಫಿ, ಕರಿಮೆಣಸಿನ ಸಸಿಗಳ ನರ್ಸರಿ ನಡೆಸುತ್ತೇವೆ. ಸಸಿಗಳನ್ನು ಎಸ್ಟೇಟುಗಳಿಗೆ ಮುಟ್ಟಿಸಲು ಒಂದು ಪಿಕಪ್ ಇದೆ. ಗಂಡನ ಬೆನ್ನುಮೂಳೆಗೆ ಪೆಟ್ಟಾಗಿ ಡಾಕ್ಟರು ಸ್ಟೀರಿಂಗ್ ಮುಟ್ಟಬಾರದೆಂದಾಗ, ನಾನೇ ಕಲಿಯುತ್ತೇನೆ ಅಂದೆ. ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಸರಿ ಅಂತಲೂ ಅನ್ನಲಿಲ್ಲ. ಮಾರನೆಯ ಬೆಳಿಗ್ಗೆ ಅಜ್ಜ ಬೇಲಿ ದಾಟಿ ಬಂದು ಗಾಡಿಯ ಎಡಗಡೆ ಸೀಟಿನಲ್ಲಿ ಕೂತಿದ್ದರು.

ಕಲಿಸುವಾಗ ಅವರು ಗದರಿದ್ದೇ ಇಲ್ಲ. ಗಾಡಿ ಆಫ್ ಆಗಿ ಹಿಂದಿನವರು ಹಾರ್ನ್ ಹೊಡೆದರೆ ಕಿಟಕಿಯಿಂದ ಕೈ ಹೊರಹಾಕಿ, "ಅವಸರ ಇದ್ದವರು ನಿನ್ನೆಯೇ ಹೊರಡ್ಬೇಕಿತ್ತು!" ಎಂದು ಅವರ ಮೇಲೆ ಕೂಗುತ್ತಿದ್ದರು. ನನಗೆ ಮಾತ್ರ, "ನಿಧಾನ ಮಗಳೇ, ರಸ್ತೆ ಎಲ್ಲಿಗೂ ಹೋಗುದಿಲ್ಲ."

ಆ ಸದ್ದು ಶುರುವಾದದ್ದು ನಾನು ಒಬ್ಬಳೇ ಓಡಿಸತೊಡಗಿದ ಮೊದಲ ಮಳೆಗಾಲದಲ್ಲಿ. ಸಸಿ ನೆಡುವ ಕಾಲ, ದಿನವೂ ಓಡಾಟ. ಗಾಡಿ ಸ್ವಲ್ಪ ವೇಗ ಹಿಡಿದೊಡನೆ ಎಲ್ಲಿಂದಲೋ ಹೂಂ ಎಂಬ ಗುಂಯ್‌ಗುಟ್ಟುವಿಕೆ ಏಳುತ್ತಿತ್ತು, ಮುಚ್ಚಿದ ಕೋಣೆಯೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ. ನಿಧಾನಿಸಿದರೆ ಇಲ್ಲ. ಅಮ್ಮತ್ತಿಯ ಮೆಕ್ಯಾನಿಕ್‌ಗೆ ತೋರಿಸಿದೆ. ಅವನು ಒಂದು ಸುತ್ತು ಹೋಗಿಬಂದು, "ಟಯರ್ ಸೌಂಡ್ ಅಕ್ಕ" ಎಂದು ಮುಂದಿನ ಟಯರುಗಳನ್ನು ಹಿಂದಕ್ಕೆ ಹಾಕಿಕೊಟ್ಟ. ಸದ್ದು ಹಾಗೇ ಇತ್ತು. ಎರಡನೆಯ ಸಲ ಹೋದಾಗ, "ಪಿಕಪ್ ಅಂದ್ಮೇಲೆ ಸೌಂಡ್ ಇರ್ತದೆ, ನಿಮಗೆ ಅಭ್ಯಾಸ ಇಲ್ಲ" ಎಂದು ನಕ್ಕ. ಗಂಡ ಮನೆಯಲ್ಲಿ ಮೆತ್ತಗೆ, "ನಿನಗೆ ಹೆದರಿಕೆ ಇದ್ರೆ ಹೇಳು, ಯಾರನ್ನಾದ್ರೂ ಡ್ರೈವರ್ ಇಡೋಣ" ಅಂದ. ಬೈದಿದ್ದರೆ ಜಗಳವಾಡಬಹುದಿತ್ತು. ಆ ಮೆತ್ತಗಿನ ಮಾತು ಕೇಳಿದ ಮೇಲೆ, ನಿಜಕ್ಕೂ ಸದ್ದು ಇದೆಯೋ, ನನ್ನ ತಲೆಯೊಳಗಿನ ಭಯವೇ ಗುಂಯ್‌ಗುಟ್ಟುತ್ತಿದೆಯೋ ಎಂದು ನನಗೇ ಗೊತ್ತಾಗದಾಯಿತು. ಸಸಿ ನೆಡುವ ಹೆಂಗಸರೂ ಅದೇ ಗಾಡಿಯಲ್ಲಿ ಬರುತ್ತಿದ್ದರು. ಒಂದು ಸಂಜೆ ಕೀಲಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಇನ್ನು ಸಾಕು ಅಂದುಕೊಂಡೆ.

ಬೆಳಿಗ್ಗೆ ಅಜ್ಜ ಗಾಡಿ ಹೊರಡದ್ದನ್ನು ನೋಡಿ ಬಂದರು. ನಾನು ಅವರ ಕಿವಿಯ ಹತ್ತಿರ ಕೂಗಿ ಎಲ್ಲವನ್ನೂ ಹೇಳಿದೆ. ಕೊನೆಗೆ, "ಸುಮ್ನೆ ನಂಗೆ ಹಾಗನ್ಸುತ್ತೆ ಅಂತಾರೆ ಅಜ್ಜ" ಅಂದೆ.

"ಅನ್ಸುದೋ, ಕೇಳುದೋ?"

"ಕೇಳುತ್ತೆ."

"ಹಾಗಾದ್ರೆ ಉಂಟು. ಎಲ್ಲಿ ಉಂಟು ಅಂತ ನೋಡುವ. ನನಗೆ ಕೇಳುದಿಲ್ಲ, ಕಿವಿ ನಿನ್ನದು. ಕೀಲಿ ತಾ."

ವಿರಾಜಪೇಟೆ ರಸ್ತೆಯಲ್ಲಿ ಹೊರಟೆವು. ಮಾತಾಡಿದರೆ ಅವರಿಗೆ ಕೇಳದು. ಅದಕ್ಕೆ, "ಸದ್ದು ಇದ್ರೆ ತಲೆ ಆಡ್ಸು, ಜೋರಾದ್ರೆ ಜೋರು ಆಡ್ಸು" ಅಂದರು. ರಸ್ತೆ ಖಾಲಿಯಿದ್ದ ಕಡೆ ವೇಗ ಹಿಡಿದೆ. ಸದ್ದು ಎದ್ದಿತು. ತಲೆಯಾಡಿಸಿದೆ. "ಈಗ ನ್ಯೂಟ್ರಲ್ ಮಾಡು." ಮಾಡಿದೆ. ಎಂಜಿನ್ನಿನ ಮೊರೆತ ಇಳಿಯಿತು, ಆ ಸದ್ದು ಹಾಗೇ ಇತ್ತು. ತಲೆಯಾಡಿಸುತ್ತಲೇ ಇದ್ದೆ. "ಎಂಜಿನ್ ಅಲ್ಲ, ಗೇರ್ ಬಾಕ್ಸೂ ಅಲ್ಲ. ಚಕ್ರದ್ದು" ಅಂದರು. ಮುಂದೆ ತಿರುವುಗಳು. ಅಜ್ಜ ರಸ್ತೆ ಬಿಟ್ಟು ನನ್ನ ಮುಖವನ್ನೇ ನೋಡುತ್ತ ಕೂತರು. ಬಲಕ್ಕೆ ತಿರುಗಿದಾಗ ಸದ್ದು ಅಡಗಿತು, ತಲೆ ನಿಲ್ಲಿಸಿದೆ. ಎಡಕ್ಕೆ ತಿರುಗಿದಾಗ ಕಿವಿಗೇ ಬಂದು ಹೊಡೆಯಿತು. ಮತ್ತೊಂದು ಎಡ ತಿರುವು, ಮತ್ತೆ ಹಾಗೇ. ನಾನು ಜೋರಾಗಿ ತಲೆಯಾಡಿಸುವುದನ್ನು ಕಂಡು ಎದುರಿಗೆ ಬಂದ ಬೈಕಿನವನು ಗಾಬರಿಯಿಂದ ಅಂಚಿಗೆ ಸರಿದ. ಇಬ್ಬರೂ ನಕ್ಕೆವು.

"ಎಡಕ್ಕೆ ತಿರುಗುವಾಗ ಭಾರ ಎತ್ಲಾಗೆ ಬೀಳ್ತದೆ?" ಅಜ್ಜ ಕೇಳಿದರು.

ಯೋಚಿಸಿದೆ. ಬಸ್ಸು ಎಡಕ್ಕೆ ತಿರುಗಿದಾಗ ನಾವು ವಾಲುವುದು ಬಲಕ್ಕೆ. "ಬಲಗಡೆ ಚಕ್ರ!" ಎಂದು ಕಿರುಚಿದೆ. ಅದು ಅವರಿಗೆ ಕೇಳಿಸಿತು.

ಮನೆಗೆ ಬಂದು ಜಾಕ್ ಕೊಟ್ಟು ಮೊದಲು ಮುಂದಿನ ಬಲಚಕ್ರವನ್ನು ಎತ್ತಿದೆವು. ಅಜ್ಜ ಚಕ್ರ ತಿರುಗಿಸಿ, ನನ್ನ ಕೈಯನ್ನು ಅದರ ಪಕ್ಕದ ಸ್ಪ್ರಿಂಗಿನ ಮೇಲೆ ಇಡಿಸಿದರು. ಒಳಗೆ ಮರಳು ಅರೆದಂತೆ ಜರಜರ ಅನ್ನುತ್ತಿತ್ತು. ಎಡಚಕ್ರ ಎತ್ತಿ ನೋಡಿದರೆ ನುಣ್ಣಗೆ, ಏನೂ ಇಲ್ಲ.

ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿದೆವು. ಅವನು ಆ ಚಕ್ರದೊಳಗಿಂದ ಬಿಚ್ಚಿ ತೆಗೆದ ಬೇರಿಂಗ್ ಕಾವಿಗೆ ನೀಲಿಗಟ್ಟಿತ್ತು, ಒಳಗಿನ ಉರುಳೆಗಳು ಹುಳ ತಿಂದಂತೆ ಕೊರೆದುಹೋಗಿದ್ದವು. "ಇನ್ನು ಸ್ವಲ್ಪ ಓಡಿದ್ರೆ ಜಾಮ್ ಆಗಿ ಚಕ್ರವೇ ಹೋಗ್ತಿತ್ತು ಅಕ್ಕ" ಎಂದ. ಮುಖ ಸಣ್ಣದು ಮಾಡಿಕೊಂಡು, "ಅಜ್ಜ ಹೇಗೆ ಕಂಡುಹಿಡಿದ್ರು?" ಎಂದು ಕೇಳಿದ. ಅದನ್ನು ಅಜ್ಜನಿಗೆ ಕೂಗಿ ಹೇಳಿದೆ. "ನಾನೆಲ್ಲಿ? ನಾನು ಕಿವುಡ" ಅಂದರು ಅಜ್ಜ. "ಇವಳು ಕೇಳಿದ್ದು. ನಾನು ಬರೀ ನಂಬಿದ್ದು."

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಒಳಗೆ ಹೋಗಿ ಎಲ್ಲರಿಗೂ ತಾನೇ ಕಾಫಿ ಮಾಡಿ ತಂದ. ಡ್ರೈವರ್ ಇಡುವ ಮಾತು ಮತ್ತೆ ಬರಲಿಲ್ಲ. ಈಗಲೂ ನಾನು ಗಾಡಿ ನಿಲ್ಲಿಸಿ ಇಳಿದರೆ, "ಏನಾದ್ರೂ ಕೇಳ್ತಾ?" ಎಂದು ವಿಚಾರಿಸುತ್ತಾನೆ.

ಅಂದಿನಿಂದ ನನಗೆ ಅನೇಕ ಸದ್ದುಗಳು ಕೇಳಿವೆ, ಗಾಡಿಯವು ಮಾತ್ರವಲ್ಲ. ಒಂದನ್ನೂ ಭ್ರಮೆ ಎಂದು ತಳ್ಳಿಹಾಕಿಲ್ಲ. ಇದು ಅಜ್ಜ ಕೊಟ್ಟದ್ದು.

ಕಳೆದ ವರ್ಷ ಅಜ್ಜನಿಗೆ ಉಸಿರಾಟದ ತೊಂದರೆಯಾಗಿ ಮೈಸೂರಿನ ಆಸ್ಪತ್ರೆಯಲ್ಲಿದ್ದರು. ಡಾಕ್ಟರು ಮನೆಗೆ ಕಳಿಸಿದ ದಿನ, ಮಗಳು ದೊಡ್ಡ ಕಾರು ಮಾಡುತ್ತೇನೆಂದರೂ ಒಪ್ಪದೆ, ನನ್ನ ಪಿಕಪ್ಪಿನಲ್ಲೇ ಊರಿಗೆ ಬರುತ್ತೇನೆಂದು ಹಟ ಹಿಡಿದರು. ಅಜ್ಜಿ ಕಿಟಕಿಯ ಕಡೆ, ಅವರು ನಡುವೆ. ಹುಣಸೂರು ದಾಟುವ ಮೊದಲೇ ಅಜ್ಜಿಯ ಭುಜಕ್ಕೊರಗಿ ನಿದ್ದೆಹೋದರು. ಮನೆ ಮುಟ್ಟುವವರೆಗೂ ಏಳಲಿಲ್ಲ. ಕೆಲವೇ ವಾರಗಳಲ್ಲಿ ತೀರಿಕೊಂಡರು.

ಕಾರ್ಯಗಳೆಲ್ಲ ಮುಗಿದ ಮೇಲೆ ಅಜ್ಜಿಯ ಜೊತೆ ಜಗಲಿಯಲ್ಲಿ ಕೂತಿದ್ದಾಗ ಮೈಸೂರಿನಿಂದ ಬಂದ ಆ ದಿನದ ಮಾತು ಬಂತು. "ಪಾಪ, ಔಷಧದ ಮಂಪರಲ್ಲಿ ದಾರಿಯುದ್ದಕ್ಕೂ ಮಲಗಿಬಿಟ್ರು" ಎಂದೆ.

"ಮಂಪರಲ್ಲ" ಅಂದರು ಅಜ್ಜಿ. "ಬೇರೆಯವರು ಬಿಡುವ ಗಾಡಿಯಲ್ಲಿ ಅವರು ಒಂದು ದಿನವೂ ಕಣ್ಣು ಮುಚ್ಚಿದವರಲ್ಲ. ಮಗಳ ಮದುವೆ ದಿಬ್ಬಣದ ಬಸ್ಸಲ್ಲೂ ಡ್ರೈವರನ ಹಿಂದೆ ನಿಂತುಕೊಂಡೇ ಬಂದದ್ದು. ಅವತ್ತು ಆಸ್ಪತ್ರೆ ಬಾಗಿಲಲ್ಲಿ ನನ್ನ ಕೈ ಹಿಡ್ಕೊಂಡು ಹೇಳಿದ್ರು, 'ಇವಳು ಓಡಿಸ್ತಾಳಲ್ಲ, ನಾನು ಸ್ವಲ್ಪ ಮಲಗ್ತೇನೆ' ಅಂತ."